ಉತ್ತಯ್ಯ ಒಪ್ಪಿಸಿದ ಕನ್ನಡಕ

ದಿಲ್ಲಿಯಿಂದ ಹೊಸ ನಿಯಮ ಬಂತು. ಕೋವಿಯ ಗುರಿಗೆ ನೆರವಾಗುವ ಯಾವ ಸಾಮಾನಿದ್ದರೂ ಠಾಣೆಗೆ ಒಪ್ಪಿಸಬೇಕಂತೆ. ಕೊಡಗಿಗೆ ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರಿಗೆ ಅದು ಪೂರ್ತಿ ಅರ್ಥವಾಗಿರಲಿಲ್ಲ. ಹಾಗಂತ ಹೇಳಿಕೊಳ್ಳುವುದುಂಟೇ? ಠಾಣೆಗೆ ಕರೆಸಿದ್ದ ಮುದುಕ ಉತ್ತಯ್ಯನ ಕೋವಿಯ ತುದಿಯಲ್ಲಿದ್ದ, ಗುರಿ ನೋಡುವ ಹಿತ್ತಾಳೆ ಮಣಿ ತೋರಿಸಿ, "ಇದನ್ನು ಗರಗಸದಲ್ಲಿ ಕೊಯ್ದು ಕೊಡು" ಎಂದು ಗುಡುಗಿದರು.

ಅದು ಅಜ್ಜನ ಕಾಲದ ಕೋವಿ. ನಾಳೆಯೇ ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಉತ್ತಯ್ಯ ತನ್ನ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಇದ್ಯಾಕೆ?"

"ಗುರಿಗೆ ಮೊದಲು ನೆರವಾಗೋದು ಇದೇ ಸಾರ್. ಇದಿಲ್ಲದಿದ್ರೆ ನನಗೆ ತೆಂಗಿನಮರವೇ ಕಾಣಲ್ಲ. ರಸೀದಿ ಕೊಡಿ."

ಇನ್ಸ್‌ಪೆಕ್ಟರ್ ಆದೇಶದ ಹಾಳೆ ತಿರುವಿ ನೋಡಿದರು. ಆದೇಶದಲ್ಲಿ ಕನ್ನಡಕ ಉಂಟೆಂದೂ ಇರಲಿಲ್ಲ, ಇಲ್ಲವೆಂದೂ ಇರಲಿಲ್ಲ.

"ನಿಮ್ಮ ಸೊಂಟದಲ್ಲೂ ಪಿಸ್ತೂಲಿದೆ ಸಾರ್, ಮೂಗಿನ ಮೇಲೂ ಕನ್ನಡಕ ಇದೆ. ನಿಮ್ಮದನ್ನು ಯಾವ ಠಾಣೆಗೆ ಒಪ್ಪಿಸ್ತೀರಿ?"

ಗಾಬರಿಯಲ್ಲಿ ಇನ್ಸ್‌ಪೆಕ್ಟರ್ ತಮ್ಮ ಕನ್ನಡಕ ಕಿತ್ತು ಮೇಜಿನತ್ತ ಎಸೆದರು. ಆದೇಶದ ಅಕ್ಷರಗಳೆಲ್ಲ ಮಂಜಾದವು.

"ಕೋವಿ ತಗೊಂಡು ಹೋಗಿ ಮಾರಾಯರೇ!"

"ಕನ್ನಡಕ?"

"ಅದನ್ನೂ ತಗೊಳ್ಳಿ. ಹೋಗೋ ಮುಂಚೆ ನನ್ನದು ಎಲ್ಲಿ ಬಿತ್ತು, ಸ್ವಲ್ಪ ಹುಡುಕಿಕೊಡಿ."