ಮಾಳಿಂಗನ ಕೆಂಪು ಸೋಡಾ

ತಾಯಿಯ ಮಾತು ಮೀರದ ಮಗನಿದ್ದರೆ ಪುಣ್ಯ ಅಂತೀರಿ. ಸಾತವ್ವನ ಮುಂದೆ ಮಾತ್ರ ಹಾಗನ್ನಬೇಡಿ. ಅವಳ ಮಗ ಮಾಳಿಂಗ ತಾಯಿಯ ಮಾತನ್ನು ಒಂದು ದಿನವೂ ಮೀರಿದವನಲ್ಲ. ಅದೇ ಅವಳ ಕರ್ಮ.

ಸಾತವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮೀಸೆ ಬಂದ ಮಗ ಅದನ್ನು ಬುಟ್ಟಿಯಲ್ಲಿ ಹೊತ್ತು ಖಾನಾವಳಿಗೆ ಕೊಟ್ಟು ರೊಕ್ಕ ತರುತ್ತಿದ್ದ. ಖಾನಾವಳಿಯ ಮಗ್ಗುಲಲ್ಲೇ ಸೋಡಾ ಅಂಗಡಿ. ಬಿಸಿಲಿಗೆ ಒಂದು ಕೆಂಪು ಸೋಡಾ, ಅದು ಗಂಟಲಿಳಿಯುವಷ್ಟರಲ್ಲಿ ಇನ್ನೊಂದು. ರೊಟ್ಟಿಯ ರೊಕ್ಕದಲ್ಲಿ ಅರ್ಧದಷ್ಟು ಮನೆಗೆ ಮುಟ್ಟುತ್ತಿರಲಿಲ್ಲ. ಹೀಗೇ ವರ್ಷಗಳು ಹೋದವು. ಹಲ್ಲು ಹುಳುಕಾದವು, ಮೈ ಸೋತಿತು, ಕಾಲ ಬೆರಳಿಗಾದ ಗಾಯ ಮಾಯಲೇ ಇಲ್ಲ. ಡಾಕ್ಟರು ನೋಡಿ, ಸಕ್ಕರೆ ಕಾಯಿಲೆ ಬಂದಿದೆ, ಆ ಸೋಡಾ ಬಿಡದಿದ್ದರೆ ಕಾಲೇ ಹೋದೀತು ಅಂದರು. ಗುಳಿಗೆ ಬರೆದುಕೊಟ್ಟರು.

ಸಾತವ್ವ ಅತ್ತಳು. ಆಮೇಲೆ ಮಗನನ್ನು ಕೂರಿಸಿಕೊಂಡು, ಇನ್ನು ಆ ಬಾಟಲಿಯನ್ನು ಬಾಯಿಗೆ ಹಚ್ಚಬೇಡ ಅಂದಳು. ಮಾಳಿಂಗ ಹೂಂ ಅಂದ.

ಮರುದಿನ ಬಂದ. ನಾಲಿಗೆ ಕೆಂಪಗಿತ್ತು. ಕೇಳಿದರೆ, ಬಾಟಲಿ ಬಾಯಿಗೆ ಹಚ್ಚಲೇ ಇಲ್ಲ, ಬೊಗಸೆಗೆ ಸುರಿಸಿಕೊಂಡು ಕುಡಿದೆ ಅಂದ. ಸಾತವ್ವ ಬೈದಳು. ಬಾಟಲಿಯಲ್ಲಿರಲಿ ಬೊಗಸೆಯಲ್ಲಿರಲಿ, ಅದು ಚರಂಡಿಗೆ ಸುರಿಯೋ ವಸ್ತು, ಹೊಟ್ಟೆಗೆ ಸುರಿಯೋದಲ್ಲ ಅಂದಳು. ಮಾಳಿಂಗ ಹೂಂ ಅಂದ.

ಮರುದಿನ ಬಂದ. ನಾಲಿಗೆ ಕೆಂಪಗಿರಲಿಲ್ಲ, ಆದರೆ ರೊಕ್ಕ ಅರ್ಧವೇ ಇತ್ತು. ಎರಡು ಬಾಟಲಿ ಕೊಂಡು ಎರಡನ್ನೂ ಚರಂಡಿಗೆ ಸುರಿದು ಬಂದಿದ್ದ. ಒಂದು ಹನಿ ಕುಡಿದಿದ್ದರೆ ನಿನ್ನಾಣೆ ಅಂದ. ಸಾತವ್ವ ಹಣೆ ಬಡಿದುಕೊಂಡಳು. ಹೊಗೆಯಲ್ಲಿ ಕಣ್ಣು ಕಳಕೊಂಡು ಗಳಿಸಿದ ರೊಕ್ಕ ಅದು, ಇನ್ನು ಯಾವ ಅಂಗಡಿಯವನಿಗೂ ಬಿಡಿಗಾಸು ಕೊಡಬೇಡ ಅಂದಳು. ಅದಕ್ಕೂ ಹೂಂ ಅಂದ.

ಅಷ್ಟರಲ್ಲಿ ಗುಳಿಗೆ ಮುಗಿದವು. ಸಾತವ್ವ ರೊಕ್ಕ ಕೊಟ್ಟು ಔಷಧಿ ಅಂಗಡಿಗೆ ಕಳಿಸಿದಳು. ಮಾಳಿಂಗ ಚೀಟಿ ತೋರಿಸಿದ, ಗುಳಿಗೆ ಇಸಿದುಕೊಂಡ, ರೊಕ್ಕ ಕೇಳಿದಾಗ ಮುಷ್ಟಿ ಬಿಗಿಹಿಡಿದು ನಿಂತ. ಅಂಗಡಿಯವನು ಗುಳಿಗೆ ಕಿತ್ತುಕೊಂಡು ಓಡಿಸಿದ. ಮಾಳಿಂಗ ರೊಕ್ಕವನ್ನು ಉಡಿದಾರಕ್ಕೆ ಗಂಟು ಹಾಕಿಕೊಂಡು ಬಂದು ಮಲಗಿದ. ಮಗ ಗುಳಿಗೆ ನುಂಗುತ್ತಿದ್ದಾನೆ ಅಂತಲೇ ತಾಯಿ ನಂಬಿದ್ದಳು. ಬೆರಳು ಬಾತು ಕಪ್ಪಾದಾಗಲೇ ಅವಳಿಗೆ ನಿಜ ಗೊತ್ತಾದದ್ದು.

ಸಾತವ್ವ ಮಗನ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ಗಾಯ ಕಟ್ಟಿ, ಬೆರಳು ಉಳಿಯುತ್ತದೋ ತೆಗೆಯಬೇಕೋ ನಾಳೆ ನೋಡೋಣ ಅಂದರು. ಬೆಳಿಗ್ಗೆ ಏನೂ ತಿನ್ನದೆ ಬರಬೇಕು, ಒಂದು ಖಾಲಿ ಬಾಟಲಿಯಲ್ಲಿ ಮೂತ್ರ ತರಬೇಕು ಅಂದರು. ಹೊರಗೆ ಬಂದ ಮೇಲೆ ಸಾತವ್ವ ಮಗನ ಎರಡೂ ಕೈ ಹಿಡಿದುಕೊಂಡಳು.

"ನಿನ್ನ ಕಾಲಿಗೆ ಬೀಳ್ತೀನಪ್ಪ. ಇಷ್ಟು ದಿನ ನಾ ಹೇಳಿದ್ದೆಲ್ಲ ಮರತುಬಿಡು. ಡಾಕ್ಟರು ಹೇಳಿದಷ್ಟ ಮಾಡು."

ಮಾಳಿಂಗ ಹೂಂ ಅಂದ. ಅಂದವನು ಎಲ್ಲವನ್ನೂ ಮರೆತೇ ಬಿಟ್ಟ.

ಬೆಳಿಗ್ಗೆ ತಾಯಿ ಏಳುವ ಮೊದಲೇ ಹೊರಟಿದ್ದ. ಸಾತವ್ವ ಆಸ್ಪತ್ರೆ ಮುಟ್ಟಿದಾಗ ರಕ್ತಪರೀಕ್ಷೆ ಆಗಿಹೋಗಿತ್ತು. ಡಾಕ್ಟರು ಕನ್ನಡಕ ಒರೆಸಿಕೊಂಡು ಪರೀಕ್ಷೆಯ ಚೀಟಿಯನ್ನು ಮತ್ತೊಮ್ಮೆ ನೋಡಿದರು. ಸಕ್ಕರೆ ಹಿಂದೆಂದೂ ಅಷ್ಟು ಏರಿರಲಿಲ್ಲ. ಏನು ತಿಂದು ಬಂದೆ ಅಂತ ಕೇಳಿದರು.

"ಏನೂ ತಿಂದಿಲ್ಲರೀ," ಅಂದ ಮಾಳಿಂಗ. "ನೀವು ಖಾಲಿ ಬಾಟಲಿ ಅಂದಿದ್ರಿ. ಮನ್ಯಾಗ ಒಂದೂ ಇರಲಿಲ್ಲ. ಅಂಗಡ್ಯಾಗ ನೋಡಿದ್ರ ಬರೀ ತುಂಬಿದ್ವ ಇದ್ದವು. ಉಡಿದಾರದ ರೊಕ್ಕದಾಗ ಒಂದು ತಗೊಂಡು ಖಾಲಿ ಮಾಡಿದೆ."

ಮಾಳಿಂಗ ಚೀಲದೊಳಗಿಂದ ದೊಡ್ಡ ಸೋಡಾ ಬಾಟಲಿ ತೆಗೆದು, ಚೆಲ್ಲದ ಹಾಗೆ ಎರಡೂ ಕೈಯಿಂದ ಹಿಡಿದು ಡಾಕ್ಟರ ಮೇಜಿನ ಮೇಲಿಟ್ಟ. ಕುತ್ತಿಗೆಮಟ ತುಂಬಿತ್ತು.

"ಒಂದು ಕುಡಿದ್ರ ಇದು ತುಂಬಲಿಲ್ಲರೀ," ಅಂದ. "ತುಂಬಲಿ ಅಂತ ಇನ್ನೆರಡು ಕುಡಿದೆ."