ಒಂದೇ ಗೂಟದ ಹಗ್ಗ

"ಅವ್ವಾ, ಒಂದು ಮಾತಿಗೆ ಮೂವತ್ತೇಳು ಅರ್ಥ ಇದ್ದರೆ ಅದರಲ್ಲಿ ನಿಜವಾದದ್ದು ಯಾವುದು?"

ಕೇಳಿದವನು ಮಾರಿಮುತ್ತು. ಮನೆಮಾತು ತಮಿಳು. ಮಠಕ್ಕೆ ಬಂದು ಆರು ವರ್ಷವಾಗಿ ಕನ್ನಡ ಕಲಿತಿದ್ದ, ಈಗ ಇಂಗ್ಲಿಷಿಗೆ ಕೈ ಹಾಕಿದ್ದ. ಹಾಕದೆ ವಿಧಿಯಿರಲಿಲ್ಲ. ತಿಂಗಳಿಗೊಮ್ಮೆ ಮಠದ ಜಗಲಿಗೆ ಕಣ್ಣಿನ ಡಾಕ್ಟರೊಬ್ಬರು ಬರುತ್ತಿದ್ದರು. ಅವರು ದೂರದವರು, ಇಂಗ್ಲಿಷು ಬಿಟ್ಟು ಇಲ್ಲಿಯ ಮಾತು ಒಂದೂ ಬಾರದು. ಗುಡ್ಡ ಇಳಿದು ಬರುವ ಜನಕ್ಕೆ ತಮಿಳು ಬಿಟ್ಟು ಬೇರೆ ಬಾರದು. ನಡುವೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸುವ ಕೆಲಸ ಮಾರಿಮುತ್ತುವಿನದು.

ಗುರುವನ್ನು ಎಲ್ಲರೂ ಅವ್ವ ಎಂದೇ ಕರೆಯುತ್ತಿದ್ದರು. ಅವ್ವನಿಗೆ ಓದು ಬಾರದು. ಮೊರದಲ್ಲಿ ಅವರೆಕಾಳು ಹರಡಿಕೊಂಡು ಹುಳುಕು ಆರಿಸುತ್ತಿದ್ದರು.

"ಅದ್ಯಾವ ಮಾತಪ್ಪ ಅಷ್ಟು ಸಂಸಾರ ಕಟ್ಟಿಕೊಂಡಿರುವುದು?"

"ಗೆಟ್ ಅಂತ. ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಮುಗಿದುಹೋಗುತ್ತದೆ. ಕೊಂಡರೂ ಅದೇ, ಸಿಕ್ಕರೂ ಅದೇ, ತಿಳಿದರೂ ಅದೇ, ಹಾಸಿಗೆಯಿಂದ ಎದ್ದರೂ ಅದೇ, ಊರು ಮುಟ್ಟಿದರೂ ಅದೇ, ಮುಪ್ಪಾದರೂ ಅದೇ! ನಮ್ಮ ತಮಿಳಿನಲ್ಲಿ ಕೊಳ್ಳುವುದಕ್ಕೆ ವಾಂಗು, ತಿಳಿಯುವುದಕ್ಕೆ ಪುರಿ, ಒಂದೊಂದಕ್ಕೂ ಮರ್ಯಾದೆಯಾಗಿ ಒಂದೊಂದು ಮಾತಿದೆ. ಈ ಇಂಗ್ಲಿಷಿನವರ ಮನೆಯಲ್ಲಿ ಮಾತಿಗೂ ಬರಗಾಲವೇ?" ಮಾರಿಮುತ್ತು ಕೈಯಲ್ಲಿದ್ದ ನಿಘಂಟಿನ ಪುಸ್ತಕವನ್ನು ನೆಲಕ್ಕೆ ಬಡಿದ. "ನಿನ್ನೆ ಡಾಕ್ಟರು ಒಂದು ಔಷಧಿ ಶೀಶೆ ಹಿಡಿದುಕೊಂಡು, ಎದುರಿಗಿದ್ದ ಮುದುಕಿಯ ಕಣ್ಣು ತೋರಿಸಿ, ಅದೇ ಮಾತು ಹಾಕಿ ಏನೋ ಕೇಳಿದರು. ಇದು ಯಾವ ಗೆಟ್ಟು ಅಂತ ನಾನು ಪುಸ್ತಕ ತಿರುವಿದೆ. ಹದಿನಾಲ್ಕನೆಯದೋ ಇಪ್ಪತ್ತೆರಡನೆಯದೋ, ಇವತ್ತಿಗೂ ಹತ್ತಿಲ್ಲ. ತಪ್ಪು ಹೇಳಬಾರದಲ್ಲ ಅವ್ವಾ!"

"ಬಾರದು, ಬಾರದು," ಎಂದರು ಅವ್ವ. ಒಂದು ಹುಳುಕು ಕಾಳನ್ನು ಅಂಗಳಕ್ಕೆ ಎಸೆದು ಕತೆ ಹಿಡಿದರು.

ಒಬ್ಬ ರೈತನಿದ್ದ. ಬಲು ಅಚ್ಚುಕಟ್ಟು. ಅವನ ಮನೆಯ ಗೋಡೆಗೆ ಏಳು ಗೂಟ, ಏಳು ಗೂಟಕ್ಕೆ ಏಳು ಹಗ್ಗ. ನೀರು ಸೇದಲು ಒಂದು, ಕರು ಕಟ್ಟಲು ಒಂದು, ಹೊರೆ ಬಿಗಿಯಲು ಒಂದು, ತೊಟ್ಟಿಲಿಗೆ ಒಂದು. ಒಂದರ ಕೆಲಸಕ್ಕೆ ಇನ್ನೊಂದನ್ನು ಮುಟ್ಟಿದರೆ ಅವನಿಗೆ ಆ ಹೊತ್ತಿನ ಊಟ ಸೇರುತ್ತಿರಲಿಲ್ಲ.

ಒಮ್ಮೆ ರಾಗಿ ಕೊಯ್ಲಿಗೆ ಕೈ ಸಾಲದೆ ಮಾವ ಹೇಳಿ ಕಳಿಸಿದ. ರೈತ ಹೆಂಡತಿಯನ್ನು ಕರೆದುಕೊಂಡು ಅವಳ ತವರಿಗೆ ಹೋದ. ನೋಡುತ್ತಾನೆ, ಅಲ್ಲಿ ಗೋಡೆಗೆ ಒಂದೇ ಗೂಟ. ಗೂಟಕ್ಕೆ ಒಂದೇ ಹಗ್ಗ. ಬೆಳಿಗ್ಗೆ ಅತ್ತೆ ಅದರಲ್ಲೇ ನೀರು ಸೇದಿದಳು. ಹೊತ್ತೇರಿದ ಮೇಲೆ ಅದರಲ್ಲೇ ಕರು ಕಟ್ಟಿದಳು. ಮಧ್ಯಾಹ್ನ ಅದೇ ಹಗ್ಗ ಹೊಲಕ್ಕೆ ಹೋಗಿ ಹೊರೆ ಬಿಗಿಯಿತು. ಸಂಜೆ ಅಂಗಳದಲ್ಲಿ ಒದ್ದೆ ಸೀರೆ ಹೊತ್ತು ನಿಂತಿತು. ರೈತನಿಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು.

"ಅತ್ತೆ, ಇದು ನೀರು ಸೇದುವ ಹಗ್ಗವೋ, ಕರುವಿನ ಹಗ್ಗವೋ?"

"ಹಗ್ಗ, ಅಳಿಯಂದಿರೇ."

"ಅದು ನನಗೂ ಕಾಣುತ್ತದೆ. ಯಾವುದಕ್ಕೆ ಅಂತ ಕೇಳಿದೆ."

"ಯಾವುದು ಬಂದರೆ ಅದಕ್ಕೆ."

ಇದೂ ಒಂದು ಉತ್ತರವೇ? ರೈತ ಒಲೆಯಿಂದ ಇದ್ದಿಲು ತಂದ. ಹಗ್ಗ ಒಂದು ಹೊಸ ಕೆಲಸ ಮಾಡಿದಾಗಲೆಲ್ಲ ಗೋಡೆಯ ಮೇಲೆ ಒಂದು ಚಿತ್ರ ಬರೆದ. ಕೊಡ, ಕರು, ಹೊರೆ, ಸೀರೆ. ಐದು ದಿನಕ್ಕೆ ಹತ್ತೊಂಬತ್ತು ಚಿತ್ರವಾಯಿತು. ಹೊಸದಾಗಿ ಸುಣ್ಣ ಬಳಿದ ಗೋಡೆ. ಅತ್ತೆ ನೋಡಿದಳು, ತುಟಿ ಕಚ್ಚಿಕೊಂಡಳು. ಮನೆಗೆ ಬಂದ ಅಳಿಯನಿಗೆ ಏನೆಂದು ಹೇಳುವುದು?

ಆರನೆಯ ದಿನ ಮಾವನೂ ರೈತನ ಹೆಂಡತಿಯೂ ಹೊಲದಲ್ಲಿದ್ದರು. ಹೊರೆ ಕಟ್ಟಬೇಕಿತ್ತು, ರೈತ ಹಗ್ಗಕ್ಕೆಂದು ಮನೆಗೆ ಬಂದ. ಗೂಟದಿಂದ ತೆಗೆದು ಹೆಗಲಿಗೆ ಹಾಕಿಕೊಂಡ. ಅಷ್ಟರಲ್ಲಿ ಹಿತ್ತಲಲ್ಲಿ ದುಡುಂ ಎಂದಿತು. ಓಡಿಹೋಗಿ ಬಾವಿಗೆ ಬಗ್ಗಿ ನೋಡಿದ. ಬಿದ್ದ ಕೊಡ ತೆಗೆಯಲು ಅತ್ತೆ ಬಾವಿಗೆ ಇಳಿದಿದ್ದಳು, ಕಾಲಡಿಯ ಕಲ್ಲು ಕಳಚಿತ್ತು. ಕುತ್ತಿಗೆ ಮಟ್ಟ ನೀರು. ಕಲ್ಲಿನ ಸಂದಿಯಲ್ಲಿ ಹುಟ್ಟಿದ ಅರಳಿಯ ಬೇರೊಂದನ್ನು ಹಿಡಿದು ನೇತಾಡುತ್ತಿದ್ದಳು.

"ಅಳಿಯಂದಿರೇ," ಎಂದಳು ಆಗಲೂ ಮರ್ಯಾದೆ ಬಿಡದೆ, "ಸ್ವಲ್ಪ ಹಗ್ಗ ಇಳಿಬಿಡುತ್ತೀರಾ?"

"ಬಂದೆ ಅತ್ತೆ, ಒಂದೇ ನಿಮಿಷ!" ಎಂದು ರೈತ ಓಡಿದ. ಓಡಿದ್ದು ಗೋಡೆಯ ಹತ್ತಿರಕ್ಕೆ. ಕೊಡದ ಚಿತ್ರವಿತ್ತು, ಅತ್ತೆ ಕೊಡವಲ್ಲ. ಕರುವಿನ ಚಿತ್ರವಿತ್ತು, ಕರುವೂ ಅಲ್ಲ. ಹೊರೆಯಿತ್ತು. ಭಾರದಲ್ಲಿ ಅದು ಹತ್ತಿರ ಬರುತ್ತದೆ, ಆದರೆ ಹೊರೆ ಒಣಗಿದ್ದು, ಅತ್ತೆ ಒದ್ದೆ. ಸಲ್ಲದ ಕೆಲಸಕ್ಕೆ ಹಾಕಿ ಹಗ್ಗ ಹರಿದರೆ ನಾಳೆ ಹೆಂಡತಿಗೆ ಯಾವ ಮುಖ ತೋರಿಸುವುದು? ತಪ್ಪಾಗಬಾರದು. ಅವನು ಬೆರಳಿಟ್ಟು ಮೊದಲಿನಿಂದ ಇನ್ನೊಮ್ಮೆ ನೋಡಿದ.

ಹಿತ್ತಲಲ್ಲಿ ಬೇರು ಲಟಕ್ಕೆಂದಿತು. ಬಾವಿಯೊಳಗಿನ ಮರ್ಯಾದೆಯೂ ಅಲ್ಲಿಗೆ ಮುಗಿಯಿತು.

"ಎಲೋ ಮಂಕೇ! ಎಲ್ಲಿ ಸತ್ತೆಯೋ? ಹೆಗಲ ಮೇಲಿರುವುದನ್ನು ಎಸೆಯೋ! ನಾನು ಮುಳುಗಿದ ಮೇಲೆ ಆ ಗೋಡೆ ನೋಡುತ್ತಾ ಕೂತಿರುವೆಯಂತೆ!"

ಆ ಕೂಗಿನ ಏಟಿಗೆ ರೈತನ ಕಾಲು ತಾನಾಗಿ ಓಡಿತು, ಕೈ ತಾನಾಗಿ ಎಸೆಯಿತು. ಅತ್ತೆ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡಳು. ಇವನು ಬಾವಿಕಟ್ಟೆಗೆ ಕಾಲು ಕೊಟ್ಟು ಎಳೆದ. ಹಗ್ಗ ಹರಿಯಲಿಲ್ಲ.

ಅತ್ತೆ ಕಟ್ಟೆಯ ಮೇಲೆ ಕೂತು ನೀರು ಕಾರಿ, ಸೆರಗು ಹಿಂಡಿ, ಉಸಿರು ತಿರುಗಿಸಿಕೊಂಡು ಒಳಗೆ ಬಂದಳು. ಅಳಿಯ ಇದ್ದಿಲು ಹಿಡಿದು ಗೋಡೆಯ ಮುಂದೆ ನಿಂತಿದ್ದ.

"ಅತ್ತೆ, ಇದನ್ನು ಇಪ್ಪತ್ತನೆಯದು ಅಂತ ಬರೆಯಲೇ?"

ಅತ್ತೆ ಇದ್ದಿಲನ್ನು ಕಿತ್ತುಕೊಂಡು ಒಲೆಗೆ ಎಸೆದಳು.

ಅವ್ವ ಕತೆ ನಿಲ್ಲಿಸಿ ಮೊರ ಕೊಡವಿದರು. ಮಾರಿಮುತ್ತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಎಂಥ ಪೆದ್ದ ಅವ್ವಾ ಅವನು! ಜೀವ ಬಾವಿಯಲ್ಲಿದೆ, ಹಗ್ಗ ಹೆಗಲ ಮೇಲಿದೆ, ಇವನು ಗೋಡೆ ನೋಡುತ್ತಾನಲ್ಲ!"

ಅವನ ನಗು ಮುಗಿಯುವವರೆಗೂ ಅವ್ವ ಕಾಳು ಆರಿಸಿದರು. ಆಮೇಲೆ ತಲೆ ಎತ್ತದೆ ಕೇಳಿದರು:

"ನಿನ್ನೆ ಆ ಮುದುಕಿಗೆ ಔಷಧಿ ಸಿಕ್ಕಿತೇನಪ್ಪ?"