ಬಸುರಿ ಇಲಿ ಅಟ್ಟಕ್ಕೆ ಅನುಮತಿ ಕೇಳಿದ್ದು

ತುಂಬು ಬಸುರಿ ಇಲಿಯೊಂದು ಹೆಂಚಿನ ಮನೆಯ ಅಟ್ಟದಲ್ಲಿ ಬಾಣಂತಿ ಕೋಣೆ ಮಾಡಲು ಹೊರಟಿತು. ಕೆಳಗೆ ಬೆಕ್ಕಿತ್ತಲ್ಲ! ಅಟ್ಟದ ಸಂದಿಯಲ್ಲಿ ಮಾತ್ರ ಆ ಬೆಕ್ಕಿನ ಹೊಟ್ಟೆ ತೂರುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಯಾರು ಏನು ಕಟ್ಟಿದರೂ ಗೋಡೆಯ ಹಲ್ಲಿರಾಯರು ಒಮ್ಮೆ ಲೊಚಗುಟ್ಟಬೇಕು. ಇಲ್ಲದಿದ್ದರೆ ಅದು ಅಕ್ರಮ ಕಟ್ಟಡ.

ಬೆಕ್ಕು ಮಲಗಿದಾಗಲೆಲ್ಲ ಇಲಿ ಬಂದು ಕೈಮುಗಿದು ಅನುಮತಿ ಕೇಳಿತು. ಮೂರು ದಿನ ಹಲ್ಲಿರಾಯರು ಸೊಳ್ಳೆ ನೋಡಿದರೇ ಹೊರತು ತುಟಿ ಬಿಚ್ಚಲಿಲ್ಲ. ನಾಲ್ಕನೇ ದಿನ ಹೆರಿಗೆ ನೋವೇ ಶುರುವಾಯಿತು.

"ಸ್ವಾಮೀ, ಅನುಮತಿ ಕೊಡಿ! ಮರಿಗಳಿಗೆ ನನ್ನಷ್ಟು ತಾಳ್ಮೆಯಿಲ್ಲ!"

"ಹೆಂಚು ಎತ್ತರಿಸುತ್ತೀಯೇನಮ್ಮ?"

"ಇಲ್ಲ ಸ್ವಾಮಿ."

"ಪಕ್ಕದ ಮನೆ ಗುಬ್ಬಿ ದಂಪತಿಯ ಗೂಡು ಕಾಣುವ ಹಾಗೆ ಕಿಟಕಿ ಕೊರೆಯುತ್ತೀಯಾ?"

"ಕಿಟಕಿ ಯಾಕೆ ಸ್ವಾಮಿ? ಹುಟ್ಟುವ ಮರಿಗಳು ಇನ್ನೂ ಕಣ್ಣೇ ಬಿಟ್ಟಿರುವುದಿಲ್ಲ. ಒಂದು ಗೋಣಿ ತುಂಡು ಹಾಸುತ್ತೇನೆ, ಅಷ್ಟೇ."

"ಹಾಗಾದರೆ ಅನುಮತಿಯೇ ಬೇಡ. ಇರುವ ಸೂರಿನೊಳಗೆ ಹಾಸಿಕೊಂಡರೆ ಯಾವ ನಿಯಮವೂ ಅಡ್ಡ ಬರುವುದಿಲ್ಲ."

ಇಲಿ ಬೆಪ್ಪಾಯಿತು. "ಇದನ್ನು ಮೊದಲ ದಿನವೇ ಹೇಳಬಾರದಿತ್ತೇ?"

"ನೀನು ಅನುಮತಿ ಕೊಡಿ ಎಂದೆ. ಇಲ್ಲದ ಅನುಮತಿಯನ್ನು ಎಲ್ಲಿಂದ ಕೊಡಲಿ? ಬೇಕೋ ಬೇಡವೋ ಎಂದು ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ."

ಬಯ್ಯಲು ಪುರುಸೊತ್ತಿರಲಿಲ್ಲ. ಇಲಿ ಗೋಣಿ ಕಚ್ಚಿಕೊಂಡು ಅಟ್ಟಕ್ಕೆ ಓಡಿತು. ಸಂಜೆಯೊಳಗೆ ಎಂಟು ಮರಿ, ಎಂಟೂ ಗಟ್ಟಿಮುಟ್ಟು.

ಕೆಳಗೆ ಬೆಕ್ಕು ಮೀಸೆ ತಿರುವಿ ಗದರಿತು, "ಏಯ್, ಅನುಮತಿ ತಗೊಂಡಿದ್ದೀಯಾ?"

"ಬೇಡವಂತೆ," ಎಂದ ಇಲಿ ಕಾಲು ಚಾಚಿ ನಿದ್ದೆ ಹೋಯಿತು.